ಕಳಚಿ ಕಟ್ಟಿದ ಮನೆಗಳು

ಎಂಬತ್ತು ದಾಟಿದ ನಮ್ಮ ತಾಯಿಯವರನ್ನೂ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ಹೊಕ್ಕಾಗ, ವಸ್ತುಸಂಗ್ರಹಾಲಯವೆಂಬ ಹೆಸರು ಅದಕ್ಕೆ ಸಾಲದೆಂದು ನನಗೆ ತೋರಿತು. ಗಾಜಿನ ಪೆಟ್ಟಿಗೆಯೊಳಗಣ ವಸ್ತುವನ್ನು ನೋಡುವುದು ಬೇರೆ, ತಲೆಬಾಗಿ ಹೊಸಿಲು ದಾಟಿ ಒಳಗಿನ ತಂಪಿಗೆ ಮೈಯೊಡ್ಡುವುದು ಬೇರೆ.

ಬಯಲಿನಲ್ಲಿ ಮನೆಗಳನ್ನೇ ಸಂಗ್ರಹಿಸಿಡುವ ಪದ್ಧತಿಗೆ, 1891ರಲ್ಲಿ ಆರ್ಟುರ್ ಹಜೇಲಿಯಸ್ ಸ್ಟಾಕ್‌ಹೋಮಿನಲ್ಲಿ ಸ್ಥಾಪಿಸಿದ ಸ್ಕಾನ್ಸೆನ್ ಲೋಕವಿಖ್ಯಾತವಾದ ಮಾದರಿ. ಅಲ್ಲಿ ಹಳೆಯ ಗ್ರಾಮಜೀವನವನ್ನು ಕದಲಿಸಿದ್ದು ಕೈಗಾರಿಕೆ. ನಮ್ಮ ಕರಾವಳಿಯ ಕಥೆಯೇ ಬೇರೆ. ಹೆಣ್ಣಿನ ಸಂತತಿಯಲ್ಲಿ ಆಸ್ತಿ ಸಾಗುವ ಅಳಿಯಸಂತಾನದ ಕೂಡುಕುಟುಂಬಗಳು ಪಾಲಾಗುತ್ತ ಬಂದುವು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭತ್ತ ನಿಂತಿತು. ಉಳುವವನಿಗೆ ನೆಲ ದೊರೆತುದು ನ್ಯಾಯವೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆ ಭತ್ತದ ಬಲದಿಂದಲೇ ಹಂಚು ಸರಿಪಡಿಸಿ ಮರಕ್ಕೆ ಎಣ್ಣೆ ಬಳಿಯುತ್ತಿದ್ದ ಮನೆತನಗಳಿಗೆ ವಿಶಾಲವಾದ ಚೌಕಿಮನೆಗಳು ಹೊರಲಾರದ ಭಾರವಾಗಿ, ಕೆತ್ತನೆಯ ಮುಂಡಿಗೆಗಳೂ ಮುಚ್ಚಿಗೆಗಳೂ ಹಳೆಯ ಮರದ ಬೆಲೆಗೆ ಮಾರಾಟವಾದುವು. ಮುಂಡಿಗೆಗಳು ಯಾವ ಅಪರಾಧವನ್ನೂ ಮಾಡಿರಲಿಲ್ಲ.

ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು ಮೊದಲು ಹೀಗೆ ಚದುರಿದ ತೊಲೆ, ಬಾಗಿಲುಗಳನ್ನು ಕೂಡಿಸಿ ಸ್ವಂತ ಮನೆ ಕಟ್ಟಿಕೊಂಡು, ಅನಂತರ ಇಡಿಯ ಮನೆಗಳನ್ನೇ ಕಳಚಿ ತಂದು ಸುಮಾರು ಆರು ಎಕರೆಯ ಈ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಹರ್ಕೂರಿನ ಒಳಗಿನಮನೆ, ಮಂಗಳೂರಿನ ಕ್ರೈಸ್ತ ಮನೆ, ಘಟ್ಟದ ಮೇಲಣ ಕುಕನೂರಿನ ಕಮಲಮಹಲು, ಮುಧೋಳದ ಅರಮನೆಯ ದರ್ಬಾರು ಇಂದು ಅಲ್ಲಿ ನೆರೆಹೊರೆಯಾಗಿವೆ. ಅರಸನ ದರ್ಬಾರಿಗೆ ಸಲ್ಲುವ ಮರ್ಯಾದೆ ಗೃಹಸ್ಥನ ಅಡುಗೆಮನೆಗೂ ಸಂದಿರುವುದನ್ನು ನಾನು ಶೆಣೈಯವರ ಕಾರ್ಯದ ಹಿರಿಮೆಯೆಂದು ಬಗೆಯುತ್ತೇನೆ.

ಚೌಕಿಮನೆಯಲ್ಲಿ ತಾಯಿಯವರು ಬಹಳ ಹೊತ್ತು ನಿಂತರು. ನಾಲ್ಕೂ ಕಡೆಯ ಮಾಡಿನಿಂದ ಇಳಿಯುವ ನೀರು ನಡುವಣ ಅಂಗಳಕ್ಕೆ ಬಿದ್ದು ಹೊರಕ್ಕೆ ಹರಿಯುವ ಬಗೆಯನ್ನು ಮೊಮ್ಮಗಳಿಗೆ ಬೆರಳು ಮಾಡಿ ತೋರಿಸಿದರು. ಬಳಿಕ ಮುಂಡಿಗೆಯೊಂದರ ಬುಡದಲ್ಲಿ, ಸೊಂಟದೆತ್ತರಕ್ಕೆ, ಹಲವು ತಲೆಮಾರುಗಳ ಬೆನ್ನು ಒರಗಿ ನುಣುಪಾಗಿ ಕಪ್ಪಿಟ್ಟಿದ್ದ ಜಾಗದ ಮೇಲೆ ಅಂಗೈಯಿಟ್ಟು, “ಹಲಸಿನ ಮರ ಕಾಣು ಮಗಾ. ನಮ್ಮ ಚಾವಡಿಯಲ್ಲಿ ಅಜ್ಜಯ್ಯ ಕೂತುಕೊಳ್ಳುತ್ತಿದ್ದ ಕಂಬವೂ ಹೀಗೇ ಇತ್ತು,” ಎಂದರು. ಆ ಕಂಬವನ್ನು ಕೊಂಡವರು ಯಾರೆಂಬುದು ಈಗ ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಶೆಣೈಯವರು 2017ರಲ್ಲಿ ತೀರಿಕೊಂಡರು. ಮಣಿಪಾಲಕ್ಕೆ ಹೋಗುವ ಓದುಗರು ಮನೆಯ ಹಿರಿಯರನ್ನು ಜೊತೆಯಲ್ಲಿ ಕರೆದೊಯ್ಯಬೇಕು. ಜಗಲಿ, ಚಾವಡಿ, ಅಟ್ಟಗಳ ನಡುವೆ ನಿಂತು ಅವರು ಹೇಳುವುದನ್ನು ಅಂದೇ ಬರೆದಿಟ್ಟುಕೊಳ್ಳಬೇಕು.