ತೇಗದ ನೆಡುತೋಪು ಮತ್ತು ಎಲೆಹುಳು: ನಿಲಂಬೂರಿನ ನಿದರ್ಶನ

ಅರಣ್ಯಗಳ ಇತಿಹಾಸವನ್ನು ಬರೆಯುವವರು ಕಾಯಿದೆಗಳನ್ನೂ ಕಂದಾಯದ ಲೆಕ್ಕಗಳನ್ನೂ ಪರಿಶೀಲಿಸುವುದು ವಾಡಿಕೆ. ಮರದ ಎಲೆಯನ್ನು ತಿಂದ ಹುಳುವಿಗೂ ಆ ಇತಿಹಾಸದಲ್ಲಿ ಸ್ಥಾನವುಂಟೆಂಬುದನ್ನು ಮಲಬಾರಿನ ನಿಲಂಬೂರಿನ ನಿದರ್ಶನದಿಂದ ಇಲ್ಲಿ ತೋರಿಸಬಯಸುತ್ತೇವೆ.

1840ರ ದಶಕದಲ್ಲಿ ಮಲಬಾರಿನ ಕಲೆಕ್ಟರನಾಗಿದ್ದ ಎಚ್. ವಿ. ಕನೋಲಿಯು ಚಾತು ಮೇನೋನರ ನೆರವಿನಿಂದ ಇಲ್ಲಿ ತೇಗದ ನೆಡುತೋಪನ್ನು ಆರಂಭಿಸಿದನು. ಹಡಗು ಕಟ್ಟುವುದಕ್ಕೆ ಬೇಕಾದ ಮರವು ಕಾಡಿನಲ್ಲಿ ವಿರಳವಾಗುತ್ತಿದ್ದುದೇ ಇದಕ್ಕೆ ಕಾರಣ. ಮುಂದೆ ದಕ್ಷಿಣದ ಇತರ ಪ್ರಾಂತಗಳಲ್ಲಿಯೂ ತೇಗದ ತೋಪುಗಳೆದ್ದವು. ಅವುಗಳಿಗೆ ತಗಲಿದ ಎಲೆಹುಳುವಿನ ಹಾವಳಿಯನ್ನು ತಿರುವಾಂಕೂರಿನ ಅರಣ್ಯಾಧಿಕಾರಿ ಬೋರ್ಡಿಲ್ಲನ್ 1898ರಲ್ಲಿ ದಾಖಲಿಸಿದನು.

ಈ ಹುಳು ಹೈಬ್ಲಿಯಾ ಪ್ಯೂರಾ ಎಂಬ ಪತಂಗದ ಮರಿ. ಮುಂಗಾರಿಗೆ ಮುಂಚಿನ ಮಳೆ ಬಿದ್ದು ತೇಗವು ಚಿಗುರಿದಾಗ ಹೆಣ್ಣು ಪತಂಗವು ಎಳೆಯೆಲೆಗಳ ಮೇಲೆ ಬಿಡಿಬಿಡಿಯಾಗಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯಿಂದ ಬಂದ ಮರಿಯು ಎಲೆಯಂಚನ್ನು ಕತ್ತರಿಸಿ, ಮಡಿಸಿ, ನೂಲಿನಿಂದ ಬಿಗಿದು, ಆ ಮರೆಯಲ್ಲಿದ್ದು ಮೇಯುತ್ತದೆ. ಐದು ಹಂತಗಳಲ್ಲಿ ಬೆಳೆದ ಮೇಲೆ ನೂಲಿನೆಳೆಯಿಂದ ನೆಲಕ್ಕಿಳಿದು ತರಗೆಲೆಗಳಡಿಯಲ್ಲಿ ಕೋಶವಾಗುತ್ತದೆ. ಸುಮಾರು 3 ವಾರಗಳಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಹಾವಳಿ ವಿಪರೀತವಾದಾಗ ಎಲೆಗಳ ದಪ್ಪ ನರಗಳು ಮಾತ್ರವೇ ಉಳಿಯುತ್ತವೆ. ಆದರೂ ಮರವು ಸಾಯದೆ ಪುನಃ ಚಿಗುರುವುದರಿಂದ ನಷ್ಟವು ಕಣ್ಣಿಗೆ ಕಾಣುವುದಿಲ್ಲ. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಎಳೆಯ ತೋಪಿನಲ್ಲಿ ಅಳತೆ ಮಾಡಿ, ಬೆಳೆಯಬೇಕಾಗಿದ್ದ ಮರದ ಪ್ರಮಾಣದಲ್ಲಿ 44 ಶೇಕಡದಷ್ಟು ನಷ್ಟವಾಗುವುದೆಂದು 1985ರಲ್ಲಿ ಪ್ರಕಟಿಸಿದರು.

ನಿವಾರಣೋಪಾಯವೇನು? ಡೆಹರಾಡೂನಿನ ಕೀಟಶಾಸ್ತ್ರಜ್ಞ ಬೀಸನ್ 1941ರ ತನ್ನ ಗ್ರಂಥದಲ್ಲಿ, ತೋಪುಗಳ ನಡುವೆ ಸಹಜ ಕಾಡಿನ ಪಟ್ಟಿಗಳನ್ನುಳಿಸಿ ಹುಳುವಿನ ಶತ್ರುಕೀಟಗಳನ್ನು ಪೋಷಿಸಬೇಕೆಂದು ಸಲಹೆಯಿತ್ತನು. ಒಂದೇ ಜಾತಿಯ ಮರಗಳನ್ನು ನೆಟ್ಟುದರಿಂದಲೇ ಪಿಡುಗು ಹುಟ್ಟಿತೆಂಬ ವಾದಕ್ಕೆ ಈ ಸಲಹೆಯು ಹೊಂದುತ್ತಿತ್ತು. ಆದರೆ ಸಹಜವಾದ ತೇಗದ ಕಾಡುಗಳಲ್ಲಿಯೂ ಹಾವಳಿಯುಂಟೆಂದು ಅನಂತರ ಕಂಡುಬಂದಿತು. ಹಾವಳಿಯು ಮೊದಲು ಕೆಲವು ಸಣ್ಣ ತಾಣಗಳಲ್ಲಿ ತೋರಿ, ಪತಂಗಗಳು ಗುಂಪುಗುಂಪಾಗಿ ವಲಸೆ ಹೋಗುವುದರಿಂದ ಹಬ್ಬುತ್ತದೆ. ಶತ್ರುಕೀಟಗಳು ಆ ವೇಗವನ್ನು ಸರಿಗಟ್ಟಲಾರವು. ಆದುದರಿಂದ ಸಂಶೋಧಕರು ಈ ಹುಳುವನ್ನೇ ಕೊಲ್ಲುವ ಒಂದು ಸಹಜ ವೈರಾಣುವನ್ನು ಕಂಡುಹಿಡಿದು, ಅದನ್ನು ಮೊದಲ ತಾಣಗಳಲ್ಲಿಯೇ ಸಿಂಪಡಿಸುವ ಮಾರ್ಗವನ್ನು ಸೂಚಿಸಿದರು.

ನೆಡುತೋಪು ನಿರ್ದೋಷಿಯೆಂದು ಇದರಿಂದ ನಾವು ತೀರ್ಮಾನಿಸುವುದಿಲ್ಲ. ಹುಳುವಿಗೆ ಅಷ್ಟು ವಿಸ್ತಾರವಾದ ಉಣಿಸನ್ನು ಒಂದೇ ಕಡೆ ಬಡಿಸಿದವನು ಮನುಷ್ಯನೇ. ಆದರೆ ಒಪ್ಪುವಂತೆ ತೋರಿದ ಕಾರಣವೆಲ್ಲವೂ ನಿಜವಾದ ಕಾರಣವಾಗಿರಬೇಕಾಗಿಲ್ಲ. ಮರದಡಿಯಲ್ಲಿ ನಿಂತು ನೋಡಿದವರು ಇದನ್ನರಿತರು. ದಾಖಲೆಗಳ ನಡುವೆ ಕುಳಿತ ನಾವೂ ಅರಿಯುವುದು ಲೇಸು.