ಮೂರು ರಾತ್ರಿಗಳ ಪಾಠ

ಹಳಗನ್ನಡ ಕಾವ್ಯವನ್ನು ಪಾಠ ಹೇಳುವಾಗ ಶೃಂಗಾರದ ಪದ್ಯಗಳು ಬಂದರೆ, “ಇವನ್ನು ಮನೆಯಲ್ಲಿ ಓದಿಕೊಳ್ಳಿ” ಎಂದು ಮುಂದಕ್ಕೆ ಸಾಗುವ ಅಧ್ಯಾಪಕರ ಸಾಲಿಗೆ ನಾನೂ ಸೇರಿದವನು. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಮದುವೆಯಾಗಿ ಆರು ತಿಂಗಳಾಗಿತ್ತು. ಕಾಫಿ ಕುಡಿದು, ಊರ ಸಮಾಚಾರವೆಲ್ಲ ಮುಗಿದ ಮೇಲೆ ತಲೆ ತಗ್ಗಿಸಿ, “ಸಾರ್, ನಾವಿಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡೇ ಇದ್ದೇವೆ. ಯಾರನ್ನು ಕೇಳುವುದೋ ತಿಳಿಯದು. ನೀವು ಬಿಟ್ಟ ಪದ್ಯಗಳಲ್ಲಿ ಇದಕ್ಕೇನಾದರೂ ಇತ್ತೇ?” ಎಂದ. ನನಗೆ ನಾಚಿಕೆಯಾಯಿತು. ಉತ್ತರ ಹುಡುಕಲು ಹೊರಟೆ.

ಕಾಮಸೂತ್ರವೆಂದರೆ ಭಂಗಿಗಳ ಪಟ್ಟಿ ಎಂದು ತಿಳಿದವರೇ ಹೆಚ್ಚು. ಸುಮಾರು ಕ್ರಿ.ಶ. 3ನೆಯ ಶತಮಾನದ್ದೆನ್ನಲಾದ ಆ ಗ್ರಂಥದ 7 ಅಧಿಕರಣಗಳಲ್ಲಿ ಭಂಗಿಗಳಿಗೆ ಸಿಕ್ಕಿರುವುದು ಅಲ್ಪ ಸ್ಥಳ. ಮೂರನೆಯ ಅಧಿಕರಣದಲ್ಲಿ ‘ಕನ್ಯಾವಿಸ್ರಂಭಣ’ವೆಂಬ ಅಧ್ಯಾಯವಿದೆ. ವಿಸ್ರಂಭವೆಂದರೆ ನಂಬಿಕೆ. ಮದುವೆಯಾದ ಮೊದಲ ಮೂರು ರಾತ್ರಿ ದಂಪತಿಗಳು ನೆಲದ ಮೇಲೆ ಮಲಗಬೇಕು, ಉಪ್ಪಿಲ್ಲದ ಊಟ ಮಾಡಬೇಕು, ಬ್ರಹ್ಮಚರ್ಯದಿಂದಿರಬೇಕು. ಗೃಹ್ಯಸೂತ್ರಗಳೂ ಈ ವ್ರತವನ್ನು ಹೇಳುತ್ತವೆ. ಆದರೆ ವಾತ್ಸ್ಯಾಯನ ಈ ವ್ರತದೊಳಗೆ ಮನಶ್ಶಾಸ್ತ್ರವನ್ನು ಕಂಡವನು. ಸುಮ್ಮನೆ ಕಂಬದಂತೆ ಕುಳಿತರೆ ಹೆಣ್ಣಿಗೆ ಬೇಸರ ಬಂದೀತೆಂಬ ಬಾಭ್ರವ್ಯನ ಅನುಯಾಯಿಗಳ ಆಕ್ಷೇಪವನ್ನು ಅವನು ಮರೆಯುವುದಿಲ್ಲ. ಮಾತನಾಡು, ತಾಂಬೂಲ ಕೊಡು, ಅವಳಿಗೆ ಗೊತ್ತಿರುವುದನ್ನು ಗೊತ್ತಿಲ್ಲದವನಂತೆ ಕೇಳು, ಆತುರಪಡಬೇಡ ಎನ್ನುತ್ತಾನೆ. ಬಲಾತ್ಕಾರದಿಂದ ಮುಟ್ಟಿಸಿಕೊಂಡ ಹೆಣ್ಣು ಸಮಾಗಮವನ್ನೇ ದ್ವೇಷಿಸುವಳೆಂಬ ಎಚ್ಚರಿಕೆಯೂ ಅಲ್ಲಿದೆ. ಹೆಣ್ಣಿಗೂ ಗಂಡಿಗೂ ಸುಖ ಸಮಾನವೆಂದೂ, ಅವಳಿಗೆ ಅದು ಮೊದಲು ದೊರೆಯುವಂತೆ ಅವನು ನಡೆದುಕೊಳ್ಳಬೇಕೆಂದೂ ಎರಡನೆಯ ಅಧಿಕರಣದಲ್ಲಿ ವಾದಿಸಿ ನಿರ್ಣಯಿಸಿದ್ದಾನೆ. ಗ್ರಂಥವೆಲ್ಲ ನಾಗರಕನ ಕಣ್ಣಿನಿಂದ ಬರೆದದ್ದೆಂಬ ಕೊರತೆ ನಿಜ; ಆದರೂ ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಈ ವಿದ್ಯೆಗೆ ಕನ್ನಡವೂ ಹೊರತಾಗಿರಲಿಲ್ಲ. 11ನೆಯ ಶತಮಾನದಲ್ಲಿ ಚಂದ್ರರಾಜ ‘ಮದನತಿಲಕ’ವನ್ನೂ, 15ನೆಯ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ವನ್ನೂ ಬರೆದರು. ಶಾಸ್ತ್ರವಾಗಿ ಕಲಿಯಬೇಕಾದ ವಿಷಯವೆಂದು ಅವರು ತಿಳಿದಿದ್ದನ್ನು ನಾವು ಪಿಸುಮಾತಿಗೆ ಇಳಿಸಿದೆವು. ಮದುವೆಯ ರಾತ್ರಿಯೇ ಪ್ರಸ್ತ ಇಟ್ಟು, ಮುಖಪರಿಚಯವೂ ಸರಿಯಾಗಿಲ್ಲದ ಇಬ್ಬರನ್ನು ಕೋಣೆಗೆ ಕಳುಹಿಸಿ, ಬೆಳಗ್ಗೆ ಬಾಗಿಲ ಬಳಿ ನಗುವ ಮನೆಗಳನ್ನು ನಾನೇ ನೋಡಿದ್ದೇನೆ.

ಇನ್ನೊಂದು ಭಯ ಬಸಿರಿನದು. ಮೇಲಿಂದ ಮೇಲೆ ಹೆತ್ತು ಸೋತ ಹೆಂಗಸಿಗೆ ಹಾಸಿಗೆ ಸುಖದ ಜಾಗವಾಗುವುದು ಹೇಗೆ? 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೇ ಮುಂದಾಗಿ ತೆರೆದ ಇಂಥವುಗಳಲ್ಲಿ ಜಗತ್ತಿಗೇ ಇವು ಮೊದಲನೆಯವೆಂಬ ಕೀರ್ತಿ ಇದೆ. ಜನಸಂಖ್ಯೆಯ ಚರಿತ್ರೆಯಲ್ಲಿ ಮಾತ್ರವಲ್ಲ, ದಾಂಪತ್ಯದ ಚರಿತ್ರೆಯಲ್ಲಿಯೂ ಇದನ್ನು ಬರೆದಿಡಬೇಕು.

ಇಷ್ಟಾದ ಮೇಲೆ ಹೊಸಗಾಲದ ವೈದ್ಯರು ಏನೆನ್ನುತ್ತಾರೆಂದು ನೋಡಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ವೈದ್ಯ ವಿಲಿಯಂ ಮಾಸ್ಟರ್ಸ್ ಮತ್ತು ಅವರ ಸಹೋದ್ಯೋಗಿ ವರ್ಜೀನಿಯಾ ಜಾನ್ಸನ್ ಇಂಥ ದಂಪತಿಗಳಿಗೆ ಎರಡು ವಾರಗಳ ಚಿಕಿತ್ಸೆ ಕೊಡುತ್ತಿದ್ದರು. 1970ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದರು. ಅವರ ಮೊದಲ ಕಟ್ಟಳೆ ಏನು ಗೊತ್ತೇ? ಆರಂಭದ ದಿನಗಳಲ್ಲಿ ಸಮಾಗಮ ಕೂಡದು! ಸುಮ್ಮನೆ ಒಬ್ಬರನ್ನೊಬ್ಬರು ಸ್ಪರ್ಶಿಸಬೇಕು, ಯಾವುದು ಹಿತವೆಂದು ತಿಳಿಸಬೇಕು. ಗೆಲ್ಲಬೇಕೆಂಬ ಆತುರ, ಸೋತೇನೆಂಬ ಭಯ, ಇವೇ ಸುಖದ ದೊಡ್ಡ ಶತ್ರುಗಳೆಂದು ಅವರು ಕಂಡುಕೊಂಡಿದ್ದರು. ವಾತ್ಸ್ಯಾಯನನ ಮೂರು ರಾತ್ರಿಗಳು ನನಗೆ ನೆನಪಾದವು.

ವಿದ್ಯಾರ್ಥಿಗೆ ಇದನ್ನೆಲ್ಲ ಹೇಳಿದೆ. ನೋವಿದ್ದರೆ, ದೇಹದ ತೊಂದರೆಯಿದ್ದರೆ ಗ್ರಂಥವನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಬೇಕೆಂದೂ ಹೇಳಿದೆ. “ಹಾಗಾದರೆ ಮೊದಲು ಏನು ಮಾಡಲಿ, ಸಾರ್?” ಎಂದ. “ನನಗೆ ಹೇಳಿದ ಮಾತನ್ನು ಅವಳಿಗೆ ಹೇಳಪ್ಪ” ಎಂದೆ.

ಮೊನ್ನೆ ಇಬ್ಬರೂ ಜೊತೆಯಾಗಿ ಬಂದಿದ್ದರು. ಕೊಡೆಯನ್ನು ಬಸ್ಸಿನಲ್ಲಿ ಮರೆತವರು ಯಾರೆಂದು ನನ್ನೆದುರಿಗೇ ಜಗಳವಾಡಿದರು. ಹೆದರಿಕೆ ಹೋಗಿತ್ತು. ಈ ವರ್ಷ ತರಗತಿಯಲ್ಲಿ ನಾನು ಯಾವ ಪದ್ಯವನ್ನೂ ಬಿಟ್ಟಿಲ್ಲ.