ಹಳೆಯ ಗಣಕ, ಹಗುರ ಲಿನಕ್ಸ್: ದುರಸ್ತಿಯ ಒಂದು ಚರಿತ್ರೆ

ಇಚಲಕರಂಜಿಯಲ್ಲಿ ಹುಟ್ಟಿ ಬೆಳೆದವರಿಗೆ ಹಳೆಯ ಯಂತ್ರವೆಂದರೆ ಬಿಸುಡುವ ವಸ್ತುವಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಜಹಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹದಿಂದ ಈ ಊರಿನಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಮುಂದಿನ ದಶಕಗಳಲ್ಲಿ ದೊಡ್ಡ ಗಿರಣಿಗಳು ಹಳತಾಯಿತೆಂದು ಕೈಬಿಟ್ಟ ಮಗ್ಗಗಳು ಇಂಥ ನೇಕಾರ ಪಟ್ಟಣಗಳಿಗೆ ಬಂದು ಎರಡನೆಯ ಬಾಳು ಬಾಳಿದವು. ಹಲ್ಲು ಸವೆದ ಚಕ್ರವನ್ನು ಹೊಸದಾಗಿ ಎರಕ ಹೊಯ್ದು ಕೊಡಲು ಕೊಲ್ಲಾಪುರದಲ್ಲಿ ಫೌಂಡ್ರಿಗಳಿದ್ದವು. ಲಾಳಿಯ ಓಟ ತಪ್ಪಿದರೆ ಸರಿಪಡಿಸಲು ಓಣಿಗೊಬ್ಬ ಜಾಬರ್ ಇದ್ದ. ಮಗ್ಗದ ಒಡಲು ಎಲ್ಲರ ಕಣ್ಣಿಗೂ ತೆರೆದಿರುವುದರಿಂದಲೇ ಈ ದುರಸ್ತಿ ಸಾಧ್ಯವಾಯಿತು. ಬಿಚ್ಚಿ ನೋಡಿದವನು ಕಲಿತ, ಕಲಿತವನು ಇನ್ನೊಬ್ಬನಿಗೆ ತೋರಿಸಿಕೊಟ್ಟ.

ಗಣಕಯಂತ್ರವೂ ಮಗ್ಗದ ವಂಶದ್ದೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಜಕಾರ್ಡ್ ಮಗ್ಗದ ನೇಯ್ಗೆಯನ್ನು ರಂಧ್ರ ಕೊರೆದ ರಟ್ಟಿನ ಪಟ್ಟಿಗಳಿಂದ ನಡೆಸಿದನು. ಅದೇ ಪಟ್ಟಿಗಳ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಕಲ್ಪನೆಗೆ ಎರವಲು ಪಡೆದನು. ಹೀಗಿದ್ದರೂ ನಮ್ಮ ಮನೆಗಳಲ್ಲಿ ಮಗ್ಗವು ಮಗನಿಗೆ ಬಳುವಳಿಯಾಗಿ ಬಂದರೆ, ಗಣಕವು ಏಳೆಂಟು ವರ್ಷಗಳಲ್ಲೇ ಅಟ್ಟ ಸೇರುತ್ತದೆ. ಈ ಭೇದ ಏಕೆ ಬಂತು, ಅದನ್ನು ಅಳಿಸಲು ಯಾರು ಏನು ಮಾಡಿದರು, ಗಡಿನಾಡಿನ ಕನ್ನಡಿಗರಾದ ನಮಗೆ ಅದರಿಂದ ಆಗಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ನೋಡೋಣ.

ಗಣಕ ಬೇಗ ಮುದಿಯಾಗುವುದು ಕಬ್ಬಿಣ ಸವೆದು ಅಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕನಿಷ್ಠ 64 ಎಂಬಿ ಸ್ಮೃತಿಯನ್ನು ಕೇಳುತ್ತಿತ್ತು. 2009ರ ವಿಂಡೋಸ್ 7ಕ್ಕೆ ಕನಿಷ್ಠ 1 ಜಿಬಿ ಬೇಕಾಯಿತು, 2021ರ ವಿಂಡೋಸ್ 11ಕ್ಕೆ 4 ಜಿಬಿ. ಇಪ್ಪತ್ತು ವರ್ಷಗಳಲ್ಲಿ ಬೇಡಿಕೆ 64 ಪಟ್ಟು ಬೆಳೆಯಿತು. 2014ರ ಏಪ್ರಿಲ್ 8ರಂದು ಎಕ್ಸ್‌ಪಿಗೂ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೂ ಭದ್ರತಾ ಪರಿಷ್ಕರಣೆಗಳು ಸಾಮಾನ್ಯ ಬಳಕೆದಾರರಿಗೆ ನಿಂತವು. ಗಣಕ ಓಡುತ್ತಲೇ ಇತ್ತು. ಅದರ ತಂತ್ರಾಂಶದ ಒಡಲು ಮುಚ್ಚಿದ್ದರಿಂದ ತಯಾರಕರು ಕೈಬಿಟ್ಟ ಮೇಲೆ ದುರಸ್ತಿ ಮಾಡುವ ಅಧಿಕಾರ ಬೇರಾರಿಗೂ ಇರಲಿಲ್ಲ.

ಈ ಅಧಿಕಾರಕ್ಕಾಗಿ ಹೋರಾಟ ಆರಂಭವಾದದ್ದು 1983ರಲ್ಲಿ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಆ ವರ್ಷ ಗ್ನೂ ಯೋಜನೆಯನ್ನು ಘೋಷಿಸಿ, ತಂತ್ರಾಂಶವನ್ನು ಬಳಸುವವನಿಗೆ ಅದರ ಮೂಲಸಂಕೇತವನ್ನು ಓದುವ, ತಿದ್ದುವ, ಹಂಚುವ ಹಕ್ಕು ಇರಬೇಕೆಂದು ವಾದಿಸಿದರು. 1991ರ ಜನವರಿಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 4 ಎಂಬಿ ಸ್ಮೃತಿಯ ಒಂದು 386 ಗಣಕವನ್ನು ಕೊಂಡರು. ಅದೇ ಆಗಸ್ಟ್ 25ರಂದು, ತಾವೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿಯೂ ಅದು ಬರಿಯ ಹವ್ಯಾಸವೆಂದೂ ತಿಳಿಸಿದರು. 1992ರಲ್ಲಿ ಅದನ್ನು ಗ್ನೂ ಪರವಾನಗಿಯಡಿ ಬಿಡುಗಡೆ ಮಾಡಿದ್ದರಿಂದ ಜಗತ್ತಿನ ಯಾವ ಮೂಲೆಯ ಜಾಬರನೂ ಅದನ್ನು ಬಿಚ್ಚಿ ನೋಡಬಹುದಾಯಿತು. ಹವ್ಯಾಸವಾಗಿ ಹುಟ್ಟಿದ ಲಿನಕ್ಸ್ ಮುಂದೆ ದೊಡ್ಡ ಉದ್ಯಮಗಳ ಸರ್ವರುಗಳನ್ನೂ ಕೈಯಲ್ಲಿ ಹಿಡಿಯುವ ಮೊಬೈಲುಗಳನ್ನೂ ನಡೆಸುವಷ್ಟು ಬೆಳೆಯಿತು. ಹಾಗೆ ಬೆಳೆಯುತ್ತ ಭಾರವೂ ಆಯಿತು.

ಆಗ ಹುಟ್ಟಿದ್ದೇ ಹಗುರ ಲಿನಕ್ಸ್‌ಗಳ ಸಂಪ್ರದಾಯ. ಆಸ್ಟ್ರೇಲಿಯದ ಬ್ಯಾರಿ ಕೌಲರ್ 2003ರಲ್ಲಿ ಪಪ್ಪಿ ಲಿನಕ್ಸನ್ನು ಹೊರತಂದರು. ಅದು ಇಡಿಯಾಗಿ ಸ್ಮೃತಿಯೊಳಗೆ ಏರಿ ಕುಳಿತು ಅಲ್ಲಿಂದಲೇ ಕೆಲಸ ಮಾಡುವುದರಿಂದ ನಿಧಾನಗತಿಯ ಹಳೆಯ ಹಾರ್ಡ್ ಡಿಸ್ಕಿನ ಹಂಗು ತಪ್ಪಿತು. ಅದೇ ಕಾಲದ ಡ್ಯಾಮ್ ಸ್ಮಾಲ್ ಲಿನಕ್ಸ್ 50 ಎಂಬಿಯ ಮಿತಿಯನ್ನು ತನಗೆ ತಾನೇ ಹಾಕಿಕೊಂಡು, ವಿಸಿಟಿಂಗ್ ಕಾರ್ಡಿನ ಗಾತ್ರದ ಸಿ.ಡಿ.ಯಲ್ಲಿ ಅಡಗಿತು. ಟೈನಿ ಕೋರ್ ಎಂಬುದು ಅದಕ್ಕಿಂತಲೂ ಕಿರಿದಾಗಿ, ಇಪ್ಪತ್ತು ಎಂಬಿಯ ಆಸುಪಾಸಿನಲ್ಲಿ ಇಡೀ ಚಿತ್ರಪರದೆಯನ್ನು ಕೊಟ್ಟಿತು. ಡೆಬಿಯನ್ನಿನ ತಳಹದಿಯ ಆಂಟಿಎಕ್ಸ್ ಇಂದಿಗೂ ಹಳೆಯ ಗಣಕಗಳಿಗೆ ಹೆಚ್ಚು ಒದಗುವ ವ್ಯವಸ್ಥೆ. ಅದರ 23ನೆಯ ಆವೃತ್ತಿಯಲ್ಲಿ 32 ಬಿಟ್ ಗಣಕಗಳಿಗೂ ಪ್ರತಿ ಇದೆ. ಇವೆಲ್ಲದರ ಗುಟ್ಟು ಒಂದೇ: ಅಲಂಕಾರವನ್ನು ಬಿಟ್ಟು ಅವಶ್ಯವಾದುದನ್ನು ಉಳಿಸಿಕೊಳ್ಳುವುದು. ಭಾರವಾದ ಡೆಸ್ಕ್‌ಟಾಪಿನ ಸ್ಥಾನದಲ್ಲಿ ಜೆಡಬ್ಲ್ಯೂಎಂ, ಐಸ್‌ಡಬ್ಲ್ಯೂಎಂ ಮೊದಲಾದ ಸಣ್ಣ ಕಿಟಕಿ ನಿರ್ವಾಹಕಗಳು ಬಂದವು. ಹಿನ್ನೆಲೆಯಲ್ಲಿ ಸುಮ್ಮನೆ ಓಡುವ ಸೇವೆಗಳು ನಿಂತವು.

ಇಲ್ಲಿ ಕನ್ನಡದ ಮಾತು ಬರುತ್ತದೆ. ಲಿನಕ್ಸ್ ಹುಟ್ಟಿದ 1991ರಲ್ಲಿಯೇ, ಅಕ್ಟೋಬರ್ ತಿಂಗಳಲ್ಲಿ, ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದು ಅದರಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು. ಆದರೆ ಅದು ನಮ್ಮ ಮನೆ ಮುಟ್ಟಲು ಬಹಳ ಕಾಲ ಹಿಡಿಯಿತು. ನಡುವಿನ ವರ್ಷಗಳಲ್ಲಿ ನಮ್ಮನ್ನು ಕೈಹಿಡಿದು ನಡೆಸಿದವು ಶೇಷಾದ್ರಿವಾಸು ಅವರ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’. ಈ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಅಂದಿನ ಕಡತಗಳಲ್ಲಿ ಅಡಗಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತ; ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟು. ಫಾಂಟು ಇಲ್ಲದ ಗಣಕದಲ್ಲಿ ಅದೇ ಕಡತ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಯಿತು.

ಲಿನಕ್ಸಿನಲ್ಲಿ ಕನ್ನಡ ಮೂಡಬೇಕಾದರೆ ಮೂರು ಅಂಗಗಳು ಕೂಡಬೇಕು. ಮೊದಲನೆಯದು ಫಾಂಟು: ಕೇದಗೆ, ಮಲ್ಲಿಗೆ, ಲೋಹಿತ್ ಕನ್ನಡ ಮುಂತಾದವು ಮುಕ್ತವಾಗಿ ದೊರೆಯುತ್ತವೆ. ಎರಡನೆಯದು ಒತ್ತಕ್ಷರ, ಗುಣಿತಾಕ್ಷರಗಳನ್ನು ಜೋಡಿಸುವ ಯಂತ್ರ: ಪ್ಯಾಂಗೋ, ಹಾರ್ಫ್‌ಬಜ್ ಎಂಬ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಇವುಗಳ ನೆರವಿಲ್ಲದ ಕಡೆ ‘ಕ್ಷ’ ಎಂಬುದು ಒಡೆದು ಬಿಡಿಬಿಡಿಯಾಗಿ ಬೀಳುತ್ತದೆ; ಫಾಂಟೇ ಇಲ್ಲದ ಕಡೆ ಬರಿಯ ಚೌಕಗಳು ಕಾಣುತ್ತವೆ. ಮೂರನೆಯದು ಕೀಲಿಮಣೆ: ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿದ ಧ್ವನ್ಯಾತ್ಮಕ ವಿನ್ಯಾಸ ಇಂದು ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿಯೇ ಇದೆ. ಆಂಟಿಎಕ್ಸ್‌ನಂತಹ ವ್ಯವಸ್ಥೆಯಲ್ಲಿ ಅದನ್ನು ಆರಿಸಿಕೊಂಡು, ಫಾಂಟು ಸೇರಿಸಿದರೆ, ಹದಿನೈದು ವರ್ಷದ ಹಿಂದಿನ ಗಣಕದಲ್ಲಿಯೂ ಕನ್ನಡ ಬರೆಯಬಹುದು.

ಕರ್ನಾಟಕದ ಹೊರಗಿನ ಕನ್ನಡದ ಮಕ್ಕಳು ಲಿನಕ್ಸನ್ನೇ ಶಾಲೆಯಲ್ಲಿ ಕಲಿಯುವ ನಿದರ್ಶನವೂ ನಮ್ಮ ಮುಂದಿದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಕೆಲವೇ ವರ್ಷಗಳಲ್ಲಿ ಶಾಲೆಗಳ ಗಣಕಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಹೊರಳಿಸಿತು; 2017ರಲ್ಲಿ ಅದೇ ‘ಕೈಟ್’ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಕದ ಪಾಠಪುಸ್ತಕ ಕನ್ನಡದಲ್ಲಿಯೇ ಇದೆ. ಅಲ್ಲಿ ಸರ್ಕಾರ ಮಾಡಿದ್ದನ್ನು ನಾವು ಇಲ್ಲಿ ಮನೆಮಟ್ಟದಲ್ಲಿ ಮಾಡಿಕೊಳ್ಳಬೇಕಾಗಿದೆ. ಗಡಹಿಂಗ್ಲಜದ ಅನೇಕ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡ, ಶಾಲೆ-ಕಚೇರಿಗಳ ಮಾತು ಮರಾಠಿ. ಅಜ್ಜಿಯೊಡನೆ ಕನ್ನಡ ಆಡುವ ಮೊಮ್ಮಗ ಕನ್ನಡ ಅಕ್ಷರವನ್ನು ಕಾಣುವ ಸಂದರ್ಭಗಳು ವಿರಳ. ಅಟ್ಟದ ಮೇಲಿನ ಗಣಕ ಆ ಅಕ್ಷರಕ್ಕೆ ಒಂದು ಪಾಟಿಯಾಗಬಲ್ಲುದು.

ನಾವು ಕೆಲವರು ಬಿಡುವಿನ ಭಾನುವಾರಗಳಲ್ಲಿ ಈ ಹವ್ಯಾಸವನ್ನು ನಡೆಸಿಕೊಂಡು ಬಂದಿದ್ದೇವೆ. ಕೆಲಸ ಧೂಳು ಒರೆಸುವುದರಿಂದ ಆರಂಭವಾಗುತ್ತದೆ. ಸ್ಮೃತಿಪಟ್ಟಿಯ ಹಿತ್ತಾಳೆ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸತ್ತಿತೆಂದುಕೊಂಡ ಗಣಕ ಎಷ್ಟೋ ಸಲ ಎದ್ದು ಕೂರುತ್ತದೆ. ಒಳಗಿನ ನಾಣ್ಯದಾಕಾರದ ಬ್ಯಾಟರಿ ಬರಿದಾಗಿದ್ದರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ದಿನಾಂಕ ತಪ್ಪಾದ್ದರಿಂದ ಜಾಲತಾಣಗಳು ಬಾಗಿಲು ತೆರೆಯುವುದಿಲ್ಲ. ಕಾರಣ ತಿಳಿಯದವರು ಯಂತ್ರವೇ ಕೆಟ್ಟಿತೆಂದು ಬಿಸುಡುತ್ತಾರೆ. ಪೆನ್‌ಡ್ರೈವಿನಿಂದ ಏಳಲಾರದ ಗಣಕಕ್ಕೆ ಸಿ.ಡಿ. ಬೇಕಾಗುತ್ತದೆ. ಡಿಸ್ಕನ್ನು ಮುಟ್ಟದೆ ಮೊದಲು ಸಿ.ಡಿ.ಯಿಂದಲೋ ಪೆನ್‌ಡ್ರೈವಿನಿಂದಲೋ ಲಿನಕ್ಸನ್ನು ನಡೆಸಿ ನೋಡಬಹುದಾದ್ದರಿಂದ ಹಳೆಯ ಕಡತಗಳಿಗೆ ಅಪಾಯವಿಲ್ಲ. ಮಿತಿಯನ್ನೂ ಹೇಳಿಬಿಡಬೇಕು: 1 ಜಿಬಿ ಸ್ಮೃತಿಯ ಗಣಕದಲ್ಲಿ ಬರವಣಿಗೆ, ಲೆಕ್ಕಪತ್ರ, ಓದು, ಹಾಡು ಸುಖವಾಗಿ ನಡೆಯುತ್ತವೆ, ಇಂದಿನ ಭಾರವಾದ ಜಾಲತಾಣಗಳು ನಡೆಯುವುದಿಲ್ಲ. ಮುದುಕನಿಂದ ಮೂಟೆ ಹೊರಿಸಬಾರದು.

ಹೀಗೆ ಎಬ್ಬಿಸಿದ ಒಂದು ಗಣಕದಲ್ಲಿ ನಮಗೆ ಹಿಂದಿನ ಸಂಚಿಕೆಯೊಂದಕ್ಕಾಗಿ ಬೆರಳಚ್ಚು ಮಾಡಿದ ಲೇಖನಗಳು ದೊರೆತವು. ತೆರೆದಾಗ ಕಂಡದ್ದು ರೋಮನ್ ಅಕ್ಷರಗಳ ರಾಶಿ. ಬರೆದವರಲ್ಲಿ ಕೆಲವರು ಇಂದು ನಮ್ಮೊಡನಿಲ್ಲ. ಆಗ ನಮಗೆ ನೆನಪಾದದ್ದು ಕೃಷ್ಣೆಯ ತಡಿಯ ಖಿದ್ರಾಪುರದ ಕೋಪೇಶ್ವರ ದೇಗುಲದ ಕನ್ನಡ ಶಾಸನಗಳು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸಿದ ಕೆ.ಜಿ. ಕುಂದಣಗಾರರು ಈ ಸೀಮೆಯ ಶಾಸನಗಳನ್ನು ಊರೂರು ತಿರುಗಿ ಓದಿ 1939ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಶಿಲಾಹಾರರ ಕಾಲದ ಕಲ್ಲಿನ ಬರಹವನ್ನು ಎಂಟು ಶತಮಾನಗಳ ಮೇಲೂ ಓದಬಹುದು, ಏಕೆಂದರೆ ಅಲ್ಲಿ ಕೆತ್ತಿದ್ದು ಕನ್ನಡದ ಅಕ್ಷರವನ್ನೇ. ಇಪ್ಪತ್ತು ವರ್ಷದ ಹಿಂದಿನ ನಮ್ಮ ಬರಹವನ್ನು ಓದಲಾಗಲಿಲ್ಲ. ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತಂದು, ಅರ್ಕಾವೊತ್ತು ಮತ್ತು ಒತ್ತಕ್ಷರಗಳ ತಪ್ಪುಗಳನ್ನು ಒಂದೊಂದಾಗಿ ತಿದ್ದಿದೆವು. ಸಾಲು ಸಾಲಾಗಿ ಹಿರಿಯರ ಮಾತು ಮರಳಿ ಬಂದಿತು.

ಮುಕ್ತ ತಂತ್ರಾಂಶವಾದರೂ ಎಲ್ಲವನ್ನೂ ಎಂದೆಂದಿಗೂ ಹೊತ್ತು ನಡೆಯಲಾರದು. ಲಿನಕ್ಸ್ ಹುಟ್ಟಿದ್ದು 386 ಗಣಕದಲ್ಲಿ; 2012ರ ಡಿಸೆಂಬರಿನಲ್ಲಿ ಅದರ ಬೆಂಬಲವನ್ನೇ ತೆಗೆದುಹಾಕಿದರು, ಟೋರ್ವಾಲ್ಡ್ಸ್ ಅದಕ್ಕೆ ಕಣ್ಣೀರಿಡಲಿಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಹಳೆಯ 32 ಬಿಟ್ ಗಣಕಗಳಿಗೆ ಅನುಸ್ಥಾಪನೆಯ ಪ್ರತಿಯನ್ನು ನಿಲ್ಲಿಸಿತು. ಆದರೂ ಹಿಂದಿನ ಮೂಲಸಂಕೇತ ಎಲ್ಲರ ಕೈಯಲ್ಲಿದೆ. ಬೇಕೆಂದವರು ಅದನ್ನು ಮುಂದುವರಿಸಬಹುದು. ಯಂತ್ರ ಎಂದಾದರೂ ನಿಲ್ಲುವುದೇ ಸರಿ. ನಿಲ್ಲುವ ಮೊದಲು ಅದರ ಮಡಿಲಲ್ಲಿರುವುದನ್ನು ಇಳಿಸಿಕೊಳ್ಳುವಷ್ಟು ಕಾಲ ಈ ಹಗುರ ಲಿನಕ್ಸ್‌ಗಳು ನಮಗೆ ಕೊಡುತ್ತವೆ.

ಆದಕಾರಣ ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ. ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿರಿ. ತಂದೆಯವರು ಬೆರಳಚ್ಚು ಮಾಡಿದ ಪತ್ರವೋ, ಅತ್ತೆಯವರು ಬರೆಸಿದ ಹಂತಿಯ ಹಾಡೋ, ಮದುವೆಯ ಕನ್ನಡ ಕರೆಯೋಲೆಯೋ ಅಲ್ಲಿದ್ದೀತು. ಅದನ್ನು ಯೂನಿಕೋಡಿಗೆ ತಂದು ಎರಡು ಕಡೆ ಕಾದಿರಿಸಿರಿ. ಬಳಿಕ ಆ ಗಣಕ ಇನ್ನೂ ಓಡುವುದಾದರೆ, ಹಗುರ ಲಿನಕ್ಸ್ ಹಾಕಿ ಮನೆಯ ಮಗುವಿನ ಮುಂದಿಡಿರಿ. ಮೊದಲ ದಿನ ಅದು ತನ್ನ ಹೆಸರನ್ನು ಕನ್ನಡದಲ್ಲಿ ಬರೆಯಲಿ.